ಬೀಜದ ಕಾಳು: ಕೈಯಿಂದ ಒಂದು ರೂಪಾಯಿ ಹಾಕದೆ ಪೋಕರ್ ಬಂಡವಾಳ ಕಟ್ಟಿದ್ದು

2020ರ ಜೂನ್. ಲಾಕ್‌ಡೌನ್ ಸಡಿಲ ಆಗಿತ್ತು, ಆದರೆ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೆ ಮಾಲು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ನಾನು ಅಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಧ್ಯಾಹ್ನ ಎರಡಕ್ಕೆಲ್ಲ ಕೆಲಸ ಮುಗಿದುಬಿಡುತ್ತಿತ್ತು. ಮನೆ ಧಾರವಾಡದಲ್ಲಿ. ಫೋನಿನಲ್ಲಿ ಪೋಕರ್ ಕಲಿತದ್ದು ಆ ದಿನಗಳಲ್ಲೇ.

ಒಂದು ರಾತ್ರಿ ಹೆಂಡತಿ ಪಕ್ಕಕ್ಕೆ ಬಂದು ನೋಡಿದಳು. "ರೊಕ್ಕ ಹಾಕೀರೇನ್ರೀ?" ಅಂದಳು. ಇಲ್ಲ ಅಂದೆ. "ಹಾಕೂದೂ ಬ್ಯಾಡ," ಅಂತ ಹೇಳಿ ಒಳಗೆ ಹೋದಳು. ಅಷ್ಟೇ ಮಾತು. ಅವಳ ಅಣ್ಣ ಇಸ್ಪೀಟಿನಲ್ಲಿ ಎರಡು ಎಕರೆ ಹೊಲ ಕಳೆದವನು. ಹಾಗಾಗಿ ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮನೆಯ ದುಡ್ಡು ಒಂದು ಪೈಸೆಯೂ ಇದರೊಳಗೆ ಹೋಗಬಾರದು ಅಂತ ಆವತ್ತೇ ನಿರ್ಧಾರ ಮಾಡಿದೆ. ಮುಂದೆ ನಾನು ಮಾಡಿದ್ದೆಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದು.

ದುಡ್ಡು ಹಾಕದೆ ದುಡ್ಡಿನ ಆಟ ಆಡುವುದು ಹೇಗೆ? ಅದಕ್ಕೆ ಫ್ರೀರೋಲ್ ಅಂತ ಇತ್ತು. ಪ್ರವೇಶ ಶುಲ್ಕ ಇಲ್ಲದ ಟೂರ್ನಮೆಂಟ್. ಬಹುಮಾನ ಸೈಟಿನವರೇ ಕೊಡುತ್ತಿದ್ದರು. ಸಾವಿರ, ಸಾವಿರದೈನೂರು ಜನ ಸೇರುತ್ತಿದ್ದರು, ಕೊನೆಗೆ ಇಪ್ಪತ್ತು ಮೂವತ್ತು ಜನರಿಗೆ ಒಂದಿಷ್ಟು ಚಿಲ್ಲರೆ ಸಿಗುತ್ತಿತ್ತು. ಮೊದಲ ತಿಂಗಳು 26 ಫ್ರೀರೋಲ್ ಆಡಿದೆ. ಸಿಕ್ಕಿದ್ದು ಏನೂ ಇಲ್ಲ. 27ನೆಯದರಲ್ಲಿ ₹25 ಬಂತು. ರಾತ್ರಿ ಒಂದೂವರೆ ಆಗಿತ್ತು. ಮನೆಯವರೆಲ್ಲ ಮಲಗಿದ್ದರು. ನಾನು ಅಡಿಗೆಮನೆಯಲ್ಲಿ ದೀಪ ಹಚ್ಚಿ ಒಂದು ಹಳೆಯ ನೋಟ್‌ಬುಕ್ ತೆಗೆದು ಬರೆದೆ: ಜಮಾ, ₹25.

ಅಂಗಡಿಯಲ್ಲಿ ದಿನಾ ಕಿರ್ದಿ ಬರೆಯುವ ಕೈ ಅಲ್ವಾ, ಇದಕ್ಕೂ ಕಿರ್ದಿ ಇಟ್ಟೆ. ತಾರೀಖು, ಆಟದ ನಮೂನೆ, ಎಷ್ಟು ಹೊತ್ತು ಆಡಿದೆ, ಜಮಾ, ಖರ್ಚು, ಶಿಲ್ಕು. ಕೊನೆಯಲ್ಲಿ ಇನ್ನೊಂದು ಕಾಲಂ, "ಮನಸ್ಸು ಹೇಗಿತ್ತು" ಅಂತ. ಈ ಕೊನೆಯ ಕಾಲಂ ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಫ್ರೀರೋಲ್‌ನಲ್ಲಿ ಕಲಿತದ್ದು ಮುಖ್ಯವಾಗಿ ಕಾಯುವುದು. ಈ ಆಟದಲ್ಲಿ ಒಬ್ಬೊಬ್ಬರ ಕೈಗೆ ಎರಡು ಎಲೆ ಬರುತ್ತವೆ, ಆಮೇಲೆ ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬೀಳುತ್ತವೆ. ಮೊದಲ ಅರ್ಧ ಗಂಟೆ ಎಲ್ಲರೂ ಸುಮ್ನೆ ಇದ್ದಬದ್ದ ಚಿಪ್ಸ್ (ದುಡ್ಡಿನ ಬದಲು ಇಡುವ ಬಿಲ್ಲೆ) ಎಲ್ಲ ಮುಂದೆ ತಳ್ಳುತ್ತಾರೆ. ತಮ್ಮ ದುಡ್ಡಲ್ಲವಲ್ಲ. ಆ ಗದ್ದಲದಲ್ಲಿ ಎರಡು ಎಕ್ಕ, ಎರಡು ರಾಜ, ಎರಡು ರಾಣಿ ಬಿಟ್ಟು ಬೇರೆ ಯಾವ ಎಲೆಗೂ ಕೈ ಹಾಕದೆ ಕೂತರೆ ಅರ್ಧ ಜನ ತಾವಾಗಿಯೇ ಹೊರಗೆ ಹೋಗುತ್ತಾರೆ. ಮೂರು ತಿಂಗಳಿಗೆ ₹312 ಆಯಿತು.

ಆ ₹312 ನೋಡಿದಾಗ ಏನನ್ನಿಸಿತು ಅಂದರೆ, ಇದನ್ನು ಒಂದೇ ಸಲ ಇಟ್ಟು ದೊಡ್ಡದು ಮಾಡಿಬಿಡೋಣ ಅಂತ. ಎಲ್ಲರಿಗೂ ಅನ್ನಿಸುವುದೇ ಅದು. ಪೋಕರ್ ಆಡುವವರ ಬಾಯಲ್ಲಿ ಯಾವಾಗಲೂ ಕ್ರಿಸ್ ಮನಿಮೇಕರ್ ಕಥೆ. ಅಮೆರಿಕದ ಒಬ್ಬ ಲೆಕ್ಕಿಗ, ಆನ್‌ಲೈನ್‌ನಲ್ಲಿ ಸಣ್ಣ ಶುಲ್ಕದ ಅರ್ಹತಾ ಪಂದ್ಯ ಗೆದ್ದು, 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯಕ್ಕೆ ಹೋಗಿ 25 ಲಕ್ಷ ಡಾಲರ್ ಗೆದ್ದ. ನಾನೂ ಲೆಕ್ಕ ಬರೆಯುವವನೇ ಆದ್ದರಿಂದ ಆ ಕಥೆ ಇಷ್ಟ. ಆದರೆ ನನಗೆ ದಾರಿ ತೋರಿಸಿದ್ದು ಇನ್ನೊಬ್ಬ ಕ್ರಿಸ್. 2000ರಲ್ಲಿ ಅದೇ ಪಂದ್ಯ ಗೆದ್ದ ಕ್ರಿಸ್ ಫರ್ಗುಸನ್. ಅವನು ಒಂದು ಪಣ ತೊಟ್ಟಿದ್ದ. ಕೈಯಿಂದ ಏನೂ ಹಾಕದೆ, ಫ್ರೀರೋಲ್‌ನಿಂದ ಶುರು ಮಾಡಿ 10,000 ಡಾಲರ್ ಮಾಡಬೇಕು ಅಂತ. ಮಾಡಿಯೂ ತೋರಿಸಿದ. ಅವನ ನಿಯಮ ಮೂರೇ. ಕ್ಯಾಶ್ ಮೇಜಿಗಾಗಲಿ (ನೇರ ದುಡ್ಡಿಟ್ಟು ಆಡಿ, ಬೇಕಾದಾಗ ಎದ್ದು ಹೋಗಬಹುದಾದ ಮೇಜು), ಸಿಟ್ ಅಂಡ್ ಗೋ ಅನ್ನುವ ಸಣ್ಣ ಪಂದ್ಯಕ್ಕಾಗಲಿ ಒಟ್ಟು ಬಂಡವಾಳದ 5%ಕ್ಕಿಂತ ಜಾಸ್ತಿ ಒಯ್ಯಬಾರದು. ದೊಡ್ಡ ಟೂರ್ನಮೆಂಟ್‌ಗೆ 2%. ಮೇಜಿನ ಮೇಲೆ ನಮ್ಮ ದುಡ್ಡು ಬೆಳೆದು ಬಂಡವಾಳದ 10% ದಾಟಿದರೆ, ಮುಂದಿನ ಸರದಿಗೆ ಎದ್ದು ಬರಬೇಕು.

ಓದಿದಾಗ ಹೊಸದು ಅನ್ನಿಸಲಿಲ್ಲ. ನಮ್ಮ ಸಾವ್ಕಾರ್ರು ನಲವತ್ತು ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದಾರೆ. ಒಂದು ಸಲ ಉಳ್ಳಾಗಡ್ಡಿ ಸುಗ್ಗಿಯಲ್ಲಿ ಒಬ್ಬ ಹುಡುಗ ವ್ಯಾಪಾರಿ ಇದ್ದ ದುಡ್ಡೆಲ್ಲ ಒಂದೇ ಲಾಟಿಗೆ ಹಾಕಲು ಹೊರಟಿದ್ದ. ಅವನನ್ನು ಕೂರಿಸಿ ಚಹಾ ತರಿಸಿ ಹೇಳಿದರು: "ತಮ್ಮಾ, ಬಂಡವಾಳ ಅಂದ್ರ ಬೀಜದ ಕಾಳಿದ್ದಂಗ. ಹಸಿವಾತು ಅಂತ ಅದನ್ನ ಕುಟ್ಟಿ ತಿಂದ್ರ, ಮಳಿ ಬಂದಾಗ ಬಿತ್ತಾಕ ಏನ್ ಇರ್ತದ?" ನಾನು ಪಕ್ಕದಲ್ಲೇ ಕೂತು ಕಿರ್ದಿ ಬರೆಯುತ್ತಿದ್ದೆ. ಪೋಕರ್‌ನವರು ಬ್ಯಾಂಕ್‌ರೋಲ್ ಅನ್ನುವುದು ಇದಕ್ಕೇ. ಅದು ಗೆದ್ದ ದುಡ್ಡಲ್ಲ, ಬೀಜದ ಕಾಳು.

₹312ರ 5% ಅಂದರೆ ಹದಿನೈದು ರೂಪಾಯಿ ಚಿಲ್ಲರೆ. ಆದ್ದರಿಂದ ₹10ರ ಸಿಟ್ ಅಂಡ್ ಗೋ ಮಾತ್ರ ಆಡಬಹುದಿತ್ತು. ಆರು ಜನ ಕೂಡಿದ ಕೂಡಲೇ ಶುರುವಾಗುವ ಸಣ್ಣ ಪಂದ್ಯ, ಮೊದಲಿಬ್ಬರಿಗೆ ಬಹುಮಾನ. ಹತ್ತರಲ್ಲಿ ಒಂದು ರೂಪಾಯಿ ಸೈಟಿನವರ ಪಾಲು. ಸಂಜೆ ನವನಗರದಲ್ಲಿ ಚಿಗರಿ ಬಸ್ ಹತ್ತಿದರೆ ಧಾರವಾಡ ಬರುವುದರೊಳಗೆ ಆವತ್ತಿನ ಆಟದ ಟಿಪ್ಪಣಿ ಓದಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಆಡುತ್ತಿರಲಿಲ್ಲ. ನಡುವೆ ನೆಟ್‌ವರ್ಕ್ ಹೋದರೆ ನಮ್ಮ ಎಲೆ ತಾನಾಗಿ ಬಿದ್ದುಹೋಗುತ್ತದೆ. ಒಂದು ಸಲ ಹಾಗೆ ಎರಡು ರಾಣಿ ಕಳೆದಿದ್ದೆ.

ಆ ಮಟ್ಟದಲ್ಲಿ ಗೆಲ್ಲಲು ದೊಡ್ಡ ವಿದ್ಯೆ ಬೇಡ. ಒಳ್ಳೆಯ ಎಲೆ ಬಂದಾಗ ಜಾಸ್ತಿ ಹಾಕಬೇಕು, ಇಲ್ಲದಾಗ ಚೆಲ್ಲಬೇಕು. ಬೆದರಿಸುವ ಆಟ ನಡೆಯುವುದಿಲ್ಲ, ಯಾಕಂದರೆ ₹10ಕ್ಕೆ ಯಾರೂ ಹೆದರುವುದಿಲ್ಲ. ಇದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. 2021ರ ಮಾರ್ಚ್ ಕೊನೆಗೆ ₹1,640. ಜುಲೈಗೆ ₹4,000.

ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಸರದಿ ಪ್ರಕಾರ ಇಬ್ಬರು ಕಟ್ಟಲೇಬೇಕಾದ ದುಡ್ಡು, ಒಬ್ಬನದು ಸಣ್ಣದು, ಇನ್ನೊಬ್ಬನದು ದೊಡ್ಡದು. ₹4,000 ಯಾಕೆ ಮುಖ್ಯ ಅಂದರೆ, ₹1–₹2 ಬ್ಲೈಂಡ್‌ನ ಕ್ಯಾಶ್ ಮೇಜಿಗೆ ಪೂರ್ತಿ ಕೂರಲು ನೂರು ದೊಡ್ಡ ಬ್ಲೈಂಡ್, ಅಂದರೆ ₹200 ಬೇಕು. ಅದರ ಇಪ್ಪತ್ತು ಪಟ್ಟು ನಾಲ್ಕು ಸಾವಿರ. ನಾನು ಎರಡು ಗೆರೆ ಹಾಕಿಕೊಂಡಿದ್ದೆ. ಇಪ್ಪತ್ತು ಪಟ್ಟು ಆದಾಗ ಮೇಲಿನ ಮೇಜು. ಹದಿನೈದು ಪಟ್ಟಿಗೆ ಇಳಿದರೆ, ಬೇಜಾರು ಮಾಡಿಕೊಳ್ಳದೆ ಕೆಳಗಿನ ಮೇಜು. ಹತ್ತುವುದು ಎಲ್ಲರಿಗೂ ಗೊತ್ತು. ಇಳಿಯುವುದೇ ಕಷ್ಟ.

ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಅದೇ ಸೆಪ್ಟೆಂಬರ್‌ನಲ್ಲಿ, ಗಣೇಶ ಹಬ್ಬದ ವಾರ. ಶಿಲ್ಕು ₹7,150 ಇತ್ತು. ರಾತ್ರಿ ಹನ್ನೊಂದೂವರೆ. ₹1–₹2 ಮೇಜಿನಲ್ಲಿ ನನಗೆ ಎರಡು ಎಕ್ಕ ಬಂದವು. ಎದುರಿನವನ ಹತ್ತಿರ ಎರಡು ರಾಜ. ಮೇಜಿನ ಮೇಲೆ ಒಂದೂ ಎಲೆ ಬೀಳುವ ಮೊದಲೇ ಇಬ್ಬರ ದುಡ್ಡೂ ನಡುವೆ ಹೋಯಿತು. ಇಂಥ ಜಾಗದಲ್ಲಿ ನೂರಕ್ಕೆ 82 ಸಲ ಎಕ್ಕ ಗೆಲ್ಲುತ್ತದೆ. ನಾಲ್ಕನೆಯ ಎಲೆ ರಾಜ ಬಿತ್ತು. ₹200 ಹೋಯಿತು. ಬಂಡವಾಳದ 3% ಕೂಡ ಅಲ್ಲ. ಅಲ್ಲಿಗೆ ಫೋನ್ ಇಟ್ಟು ಮಲಗಬೇಕಿತ್ತು.

ಮಲಗಲಿಲ್ಲ. ಹೋದದ್ದನ್ನು ಬೇಗ ತರಬೇಕು ಅಂತ ₹5–₹10 ಮೇಜಿಗೆ ಹೋದೆ. ಅಲ್ಲಿ ಒಂದು ಸಲ ಕೂರಲು ₹1,000. ಮೊದಲ ಸಾವಿರ ಅರ್ಧ ಗಂಟೆಯಲ್ಲಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಇಟ್ಟು ಕೂತು, ಸ್ವಲ್ಪ ಕಳೆದಿದ್ದೆ. ಆಗ ನನಗೆ ಆಟೀನಿನ ಒಂಬತ್ತು, ಎಂಟು ಬಂದವು. ಮೇಜಿನ ಮೇಲೆ ಆಟೀನ್ ರಾಣಿ, ಆಟೀನ್ ನಾಲ್ಕು, ಕಳಾವರ್ ಎರಡು. ಇನ್ನೊಂದು ಆಟೀನ್ ಬಂದರೆ ನನ್ನದು ಫ್ಲಶ್, ಅಂದರೆ ಐದೂ ಎಲೆ ಒಂದೇ ಜಾತಿಯವು. ನಡುವೆ ₹180 ಇತ್ತು. ಎದುರಿನವನು ಒಮ್ಮೆಲೇ ₹640 ಇಟ್ಟ. ನನ್ನ ಹತ್ತಿರ ಉಳಿದದ್ದೂ ಅಷ್ಟೇ.

ಲೆಕ್ಕ ನನಗೆ ಬರುತ್ತದೆ. ನನ್ನದೂ ಸೇರಿ ಒಟ್ಟು ₹1,460 ಆಗುವ ರಾಶಿಗೆ ನಾನು ₹640 ಹಾಕಬೇಕು. ಅಂದರೆ ನೂರಕ್ಕೆ 44 ಸಲವಾದರೂ ಗೆಲ್ಲುವಂತಿದ್ದರೆ ಮಾತ್ರ ಹಾಕಬೇಕು. ಆಟೀನ್ ಒಟ್ಟು ಹದಿಮೂರು, ನಾಲ್ಕು ಕಣ್ಣೆದುರು ಇವೆ, ಉಳಿದದ್ದು ಒಂಬತ್ತು. ಇನ್ನೆರಡು ಎಲೆ ಬರುವುದರೊಳಗೆ ಅದರಲ್ಲಿ ಒಂದು ಸಿಗುವುದು ನೂರಕ್ಕೆ ಸುಮಾರು 35 ಸಲ. 35 ಮತ್ತು 44. ಈ ಎರಡು ಅಂಕಿ ತಲೆಯಲ್ಲಿ ಸ್ಪಷ್ಟವಾಗಿ ಇದ್ದವು, ಆದರೂ ಬೆರಳು ಒತ್ತಿತು. ಆಟೀನ್ ಬರಲಿಲ್ಲ.

ಆವತ್ತಿನ ಕಿರ್ದಿಯಲ್ಲಿ ಶಿಲ್ಕು ₹3,950 ಅಂತ ಇದೆ. ಕೊನೆಯ ಕಾಲಂನಲ್ಲಿ "ಸಿಟ್ಟು" ಅಂತ ಒಂದೇ ಪದ. ಮಾರನೆಯ ದಿನ ಹಿಂದಿನ ಪುಟಗಳನ್ನೆಲ್ಲ ತಿರುವಿ ಹಾಕಿದೆ. ಅದುವರೆಗಿನ ದೊಡ್ಡ ಖರ್ಚುಗಳೆಲ್ಲ ಮೂರು ಪದಗಳ ಎದುರಿಗೇ ಇದ್ದವು: ಸಿಟ್ಟು, ನಿದ್ದೆ, ಅವಸರ. ಕೆಟ್ಟ ಎಲೆ ಬಂದ ದಿನಗಳು ನನ್ನನ್ನು ಅಷ್ಟು ಹಾಳು ಮಾಡಿರಲಿಲ್ಲ. ಆಮೇಲೆ ಹತ್ತೂವರೆಗೆ ಆಟ ಬಂದ್. ಒಂದೇ ದಿನ ಎರಡು ಬೈ-ಇನ್, ಅಂದರೆ ಮೇಜಿಗೆ ಕೂರಲು ಇಡುವ ದುಡ್ಡು ಎರಡು ಸಲ, ಹೋದರೆ ಆವತ್ತಿನ ಆಟ ಮುಗಿಯಿತು. ಈ ಎರಡು ನಿಯಮ ಫರ್ಗುಸನ್‌ದಲ್ಲ, ನನ್ನದು. ಇವನ್ನು ಮತ್ತೆ ಮುರಿಯಲಿಲ್ಲ.

ಮೂರು ವಾರಕ್ಕೆ ಸರ್ಕಾರವೇ ಆಟ ನಿಲ್ಲಿಸಿತು. 2021ರ ಅಕ್ಟೋಬರ್ 5ಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು, ನಮ್ಮ ರಾಜ್ಯದವರಿಗೆ ಹಣದ ಮೇಜುಗಳು ಮುಚ್ಚಿದವು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ತಳ್ಳಿಹಾಕಿತು. ನಡುವಿನ ನಾಲ್ಕು ತಿಂಗಳು ನನಗೆ ಸಿಕ್ಕ ದೊಡ್ಡ ಲಾಭ ಅಂತ ಇವತ್ತಿಗೂ ಅನ್ನಿಸುತ್ತದೆ. ಹಳೆಯ ಆಟಗಳನ್ನು ಒಂದೊಂದಾಗಿ ಕಾಗದದ ಮೇಲೆ ಬಿಡಿಸಿ ನೋಡಿದೆ. ಎಲ್ಲಿ ಚೆಲ್ಲಬೇಕಿತ್ತು, ಎಲ್ಲಿ ಕಡಿಮೆ ಹಾಕಿದೆ, ಯಾವ ಜಾಗದಲ್ಲಿ ಕೂತಾಗ ಸೋಲು ಜಾಸ್ತಿ ಅಂತ. ಬ್ಲೈಂಡ್ ಕಟ್ಟುವ ಎರಡು ಜಾಗದಲ್ಲಿ ನಾನು ಸುಮ್ನೆ ದುಡ್ಡು ಚೆಲ್ಲುತ್ತಿದ್ದೆ. "ಹೆಂಗೂ ಅರ್ಧ ಹಾಕಿದೀನಿ" ಅಂತ ಕೆಟ್ಟ ಎಲೆಗೂ ಉಳಿದರ್ಧ ಹಾಕುವ ಚಟ. ಅದು ಬಿಟ್ಟ ಮೇಲೆ ಆಟ ಬೇರೆಯೇ ಆಯಿತು.

ಆಮೇಲಿನದು ನಿಧಾನದ ಹಾದಿ, ಬೇಗ ಹೇಳಿಬಿಡುತ್ತೇನೆ. 2022ರಲ್ಲಿ ₹2–₹4 ಮೇಜಿಗೆ ಹತ್ತಿದೆ, ಎರಡು ಸಲ ಇಳಿದೆ, ಮೂರನೆಯ ಸಲ ನಿಂತೆ. ವರ್ಷದ ಕೊನೆಗೆ ₹13,600. 2023ರ ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ 30% ಟಿಡಿಎಸ್ ಬಂತು, ಅಕ್ಟೋಬರ್ 1ರಿಂದ ಹಾಕುವ ದುಡ್ಡಿನ ಮೇಲೆ 28% ಜಿಎಸ್‌ಟಿ. ನಾನು ದುಡ್ಡು ಹಾಕುತ್ತಲೇ ಇರಲಿಲ್ಲವಾದ್ದರಿಂದ ಎರಡನೆಯದು ನನಗೆ ತಟ್ಟಲಿಲ್ಲ. ಮೊದಲನೆಯದು ತಟ್ಟಿತು. ಮಾರ್ಚ್ ಬಂತೆಂದರೆ ಶಿಲ್ಕು ಒಂದು ಮೆಟ್ಟಿಲು ಕೆಳಗೆ. ಜೊತೆಗೆ ರೇಕ್ ಬೇರೆ, ಪ್ರತಿ ರಾಶಿಯಿಂದ ಸೈಟಿನವರು ತೆಗೆಯುವ ಪಾಲು. ನೂರು ರೂಪಾಯಿ ರಾಶಿಗೆ ಐದು ರೂಪಾಯಿ ಅಂದರೆ ಸಣ್ಣ ಮೇಜಿನಲ್ಲಿ ಅದು ದೊಡ್ಡ ಭಾರ. ಮಂಡಿಯ ಕಮಿಷನ್ ಬಲ್ಲವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ಮೇಜಿನಲ್ಲಿ ಆಡುವ ಬಹಳ ಜನ ಎದುರಿನವನಿಗೆ ಸೋಲದಿದ್ದರೂ ರೇಕಿಗೆ ಸೋಲುತ್ತಾರೆ.

2025ರ ಆಗಸ್ಟ್‌ನಲ್ಲಿ ಶಿಲ್ಕು ₹38,720. ಆಗಸ್ಟ್ 21ಕ್ಕೆ ಆನ್‌ಲೈನ್ ಗೇಮಿಂಗ್ ಮಸೂದೆ ಸಂಸತ್ತಿನಲ್ಲಿ ಪಾಸಾಯಿತು, ಮರುದಿನ ರಾಷ್ಟ್ರಪತಿಗಳ ಅಂಕಿತ ಬಿತ್ತು. ದೇಶದಲ್ಲೆಲ್ಲ ಹಣದ ಆನ್‌ಲೈನ್ ಆಟ ನಿಂತಿತು. ಇದ್ದದ್ದನ್ನು ತೆಗೆಯಲು ಅರ್ಜಿ ಹಾಕಿದೆ. ಏಪ್ರಿಲ್‌ನಿಂದ ಗೆದ್ದ ₹7,700ಕ್ಕೆ 30%, ಅಂದರೆ ₹2,310 ತೆರಿಗೆ ಹೋಗಿ ₹36,410 ಬ್ಯಾಂಕಿಗೆ ಬಂತು. ಐದು ವರ್ಷದಲ್ಲಿ ನಾನು ದುಡ್ಡು ತೆಗೆದದ್ದು ಅದೊಂದೇ ಸಲ.

ಗೆಳೆಯರು ಕೇಳುತ್ತಾರೆ, ಇದರಿಂದ ಬದುಕಬಹುದಾ ಅಂತ. ಕಿರ್ದಿ ತೆಗೆದು ತೋರಿಸುತ್ತೇನೆ. ಒಟ್ಟು ಆಡಿದ್ದು ಸುಮಾರು 1,900 ಗಂಟೆ. ಗಂಟೆಗೆ ₹19. ನಮ್ಮ ಅಂಗಡಿಯಲ್ಲಿ ಚೀಲ ಹೊರುವ ಹಮಾಲರಿಗೆ ಇದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಅದನ್ನು ನೋಡಿ ಕೆಲವರು ಅಲ್ಲಿಗೇ ಬಿಡುತ್ತಾರೆ, ಅದು ಒಳ್ಳೆಯದೇ. ಸಾಲ ಮಾಡಿ ಆಡಿದ ಇಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಒಬ್ಬ ಬೈಕ್ ಮಾರಿದ, ಇನ್ನೊಬ್ಬ ಊರು ಬಿಟ್ಟ. ಅವರಿಬ್ಬರೂ ನನಗಿಂತ ಚೆನ್ನಾಗಿ ಆಡುತ್ತಿದ್ದರು. ಅವರಿಗೆ ಇಲ್ಲದ್ದು ಬೇರೆ ತೆಗೆದಿಟ್ಟ ಕಾಳು.

ದುಡ್ಡು ಬಂದ ದಿನ ಪಾಸ್‌ಬುಕ್ ಅನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಅಂಕಿ ನೋಡಿದಳು, ಆಮೇಲೆ ನೋಟ್‌ಬುಕ್ ಕೇಳಿದಳು. ಮೊದಲ ಪುಟದ ₹25ರಿಂದ ಓದುತ್ತಾ ಹೋಗಿ ಸೆಪ್ಟೆಂಬರ್‌ನ ಆ ಪುಟದಲ್ಲಿ ನಿಂತಳು. "ಇದ್ಯಾಕ್ರೀ ಹಿಂಗ ಆತು?" ಅಂದಳು. ಆಟೀನ್, ರಾಣಿ, 35, 44 ಎಲ್ಲ ಹೇಳಿದೆ. ಪೂರ್ತಿ ಕೇಳಿದಳು.

ಈಗ ಭಾನುವಾರ ನಾಲ್ಕು ಜನ ಗೆಳೆಯರು ನಮ್ಮ ಮನೆಯ ಕಟ್ಟೆಯ ಮೇಲೆ ಕೂಡುತ್ತೇವೆ. ಚಿಪ್ಸ್ ಬದಲು ಹುಣಸೆ ಬೀಜ, ಒಬ್ಬೊಬ್ಬರಿಗೆ ಇನ್ನೂರು. ದುಡ್ಡಿಲ್ಲ. ಹೆಂಡತಿಯೂ ಆಡುತ್ತಾಳೆ. ನೋಟ್‌ಬುಕ್‌ನಲ್ಲಿ ಹೊಸ ಖಾತೆ ತೆರೆದಿದ್ದೇನೆ, ಕೊನೆಯ ಕಾಲಂ ಹಾಗೇ ಇದೆ. ಅವಳ ಹೆಸರಿನ ಎದುರಿಗೆ ಕಳೆದ ವಾರ ಜಮಾ 340 ಬೀಜ.