ಅಳಿವೆಯಲ್ಲಿ ಹಳೆ ರೀಲು, ಹೊಸ ರೀಲು

ಮೀನಿನ ಗಾಳದ ದಾರ ಸುತ್ತುವ ರೀಲು ಹಳೆಯದು ಒಳ್ಳೆಯದೋ ಹೊಸದೋ ಎಂದು ಕೇಳಿಕೊಂಡು ಬರುವವರಿಗೆ ನಾನು ತಿರುಗಿ ಕೇಳುವುದು ಒಂದೇ: ದಾರ ಯಾವುದು ಹಾಕ್ತೀರಿ? ನೈಲಾನ್ ಆದರೆ ನಲವತ್ತು ವರ್ಷ ಹಳೆಯ ಒಳ್ಳೆ ರೀಲು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಬ್ರೇಡ್, ಅಂದರೆ ಸಣ್ಣ ನೂಲುಗಳನ್ನು ಹೆಣೆದು ಮಾಡಿದ ದಾರ, ಆದರೆ ಕಥೆ ಬೇರೆ. ಗಟ್ಟಿತನದಲ್ಲಿ ಹಳೆಯದು ಸೋತದ್ದನ್ನು ನಾನು ಹೆಚ್ಚು ಕಂಡಿಲ್ಲ. ಅದು ಸೋಲುವುದು ದಾರ ಸುತ್ತುವ ಕೆಲಸದಲ್ಲಿ.

ನನ್ನ ಕಸುಬು ಕುಂಬಳೆ ಕಡೆ ಪಂಪ್‌ಸೆಟ್ ರಿಪೇರಿ. ಬೇಸಗೆಯಲ್ಲಿ ಅಡಿಕೆ ತೋಟದವರ ಮೋಟಾರುಗಳಿಂದ ಬೆಂಚು ತುಂಬಿರುತ್ತದೆ, ಮಳೆ ಹಿಡಿದ ಮೇಲೆ ಬೆಂಚು ಖಾಲಿ. ಗಾಳದ ಹುಚ್ಚು ಮೊದಲಿನಿಂದಲೂ ಉಂಟು. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಅಳಿವೆಗಳಲ್ಲಿ ನಿಂತು ಕಲಿತದ್ದು. ಬೇರಿಂಗು, ಗ್ರೀಸು, ಸರ್ಕ್ಲಿಪ್ ಎಲ್ಲ ಕೈಗೆ ಪರಿಚಯವಿದ್ದದ್ದರಿಂದ ಗೆಳೆಯರ ರೀಲುಗಳೂ ನಿಧಾನಕ್ಕೆ ಅಂಗಡಿಗೆ ಬರತೊಡಗಿದವು.

ನಮ್ಮ ಕಾಸರಗೋಡಿನಲ್ಲಿ ಹಳೆ ರೀಲಿಗೆ ಬರವಿಲ್ಲ. ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಟೇಪ್‌ರೆಕಾರ್ಡರು, ಅತ್ತರಿನ ಜತೆ ಒಂದು ರೀಲನ್ನೂ ಪೆಟ್ಟಿಗೆಗೆ ತುರುಕಿಕೊಂಡು ಬಂದ ಕಾಲವಿತ್ತು. ಅವುಗಳಲ್ಲಿ ಎಷ್ಟೋ ಇನ್ನೂ ಅಟ್ಟದಲ್ಲಿವೆ. ನನಗೆ ಸಿಕ್ಕಿದ್ದು ಮಾವ ದುಬೈಯಿಂದ ತಂದ ಪೆನ್ ಸ್ಪಿನ್‌ಫಿಶರ್ 704ಝಡ್. ಪೆನ್ ಎಂದರೆ 1932ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶುರುವಾದ ಕಂಪನಿ. ಸ್ಪಿನ್‌ಫಿಶರ್ ಸಾಲು ಬಂದದ್ದು 1960ರ ದಶಕದಲ್ಲಿ. ಮೊದಲಿನವು ಹಸಿರು, ಝಡ್ ಎಂದು ಬಂದವು ಕಪ್ಪು ಮೈ, ದಾರ ಸುತ್ತಿಕೊಳ್ಳುವ ಉರುಳೆ, ಅಂದರೆ ಸ್ಪೂಲು, ಚಿನ್ನದ ಬಣ್ಣ. 704ರಲ್ಲಿ ಹಿಡಿ ಎಡಗಡೆಗೆ ಮಾತ್ರ. ಬಲಗೈಯಲ್ಲಿ ತಿರುಗಿಸಬೇಕಾದವರು 705 ಎಂಬ ಬೇರೆಯೇ ರೀಲು ಕೊಳ್ಳಬೇಕಿತ್ತು. ಈಗಿನವುಗಳಲ್ಲಿ ಹಿಡಿ ಬಿಚ್ಚಿ ಆಚೆಗೆ ಹಾಕಿದರೆ ಮುಗಿಯಿತು.

ಬಿಚ್ಚಿದಾಗ ಒಳಗಿನ ಗ್ರೀಸು ಮೇಣವಾಗಿತ್ತು, ಅಂಚಿನಲ್ಲಿ ಹಸಿರು ಕಿಲುಬು. ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಹಲ್ಲುಜ್ಜುವ ಹಳೆ ಬ್ರಶ್ಶಿನಲ್ಲಿ ತಿಕ್ಕಿದೆ. ಬೆಳಕಿಗೆ ಹಿಡಿದು ಹಲ್ಲು ಹಲ್ಲು ನೋಡಿದರೆ ಸವೆತ ಇಲ್ಲವೇ ಇಲ್ಲ ಅನ್ನುವಷ್ಟು. ಒಳಗೆ ಬಿಡಿಭಾಗಗಳೇ ಕಮ್ಮಿ, ಬೇರಿಂಗುಗಳಂತೂ ಬೆರಳೆಣಿಕೆ. ಯಾವುದು ಎಲ್ಲಿ ಕೂರುತ್ತದೆ ಎಂದು ನೋಡಿದರೇ ಗೊತ್ತಾಗುತ್ತದೆ. ದೋಣಿ ಇಂಜಿನಿಗೆ ಹಾಕುವ ಮೆರೈನ್ ಗ್ರೀಸು ತುಂಬಿ ಮುಚ್ಚಿದೆ. ದಾರವನ್ನು ಹಿಡಿದು ಸ್ಪೂಲಿಗೆ ಸುತ್ತುವ ಬೇಲ್ ಕಂಬಿಯ ಸ್ಪ್ರಿಂಗು ಮಾತ್ರ ಸತ್ತಿತ್ತು. ಹಳೆ ರೀಲುಗಳಲ್ಲಿ ಮೊದಲು ಹೋಗುವುದು ಅದೇ. ಸ್ಪ್ರಿಂಗ್ ತಂತಿ ತಂದು ಬಗ್ಗಿಸಿ ಅದೇ ಅಳತೆಗೆ ಮಾಡಿಕೊಂಡೆ.

ಡ್ರ್ಯಾಗ್ ಎಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಬ್ರೇಕು. ಅದನ್ನು ನೋಡಿದ್ದು ತೂಕದ ಸ್ಪ್ರಿಂಗ್ ತಕ್ಕಡಿಯಲ್ಲಿ. ದಾರದ ತುದಿ ಕೊಕ್ಕೆಗೆ ಕಟ್ಟಿ, ರೀಲು ರಾಡಿಗೆ ಹಾಕಿ, ಮೆಲ್ಲಗೆ ಎಳೆಯುವುದು. 30 ಪೌಂಡಿನ ದಾರ ಎಂದರೆ ಸುಮಾರು 13.6 ಕಿಲೋ ತಡೆಯುತ್ತದೆ. ಅದರ ಕಾಲು ಭಾಗ, ಅಂದರೆ ಮೂರೂವರೆ ಕಿಲೋ ಹತ್ತಿರ ಡ್ರ್ಯಾಗ್ ಬಿಡಬೇಕು. ಮಾವನ ರೀಲಿನಲ್ಲಿ ಮುಳ್ಳು ಐದರ ಹತ್ತಿರ ಹೋಗುವವರೆಗೂ ಸ್ಪೂಲು ಅಲ್ಲಾಡಲಿಲ್ಲ, ಆಮೇಲೆ ಜರ್ರನೆ ಬಿಟ್ಟು ಮೂರಕ್ಕೆ ಇಳಿಯಿತು. ದಾರ ತುಂಡಾಗುವುದು ಈ ಮೊದಲ ಜಗ್ಗಿನಲ್ಲೇ. ದೊಡ್ಡ ಕಾಳಾಂಜಿ ಮೀನು ತಿರುಗಿ ಕಲ್ಲಿನ ಸಂದಿಗೆ ನುಗ್ಗುವಾಗ ಸ್ಪೂಲು ಯೋಚಿಸುತ್ತಾ ಕೂತರೆ ಆಯಿತಲ್ಲ! ಹಳೆ ವಾಶರು ತೆಗೆದು, ಶಾರ್ಜಾದಿಂದ ಬರುವವರ ಕೈಯಲ್ಲಿ ಕಾರ್ಬನ್ ವಾಶರು ತರಿಸಿ, ಡ್ರ್ಯಾಗ್ ಗ್ರೀಸು ತೆಳ್ಳಗೆ ಸವರಿ ಹಾಕಿದೆ. ಈಗ ಮುಳ್ಳು ಮೂರೂವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಹಳೆ ರೀಲಿಗೆ ಮಾಡಬಹುದಾದ ಉಪಕಾರಗಳಲ್ಲಿ ದೊಡ್ಡದು ಇದೇ, ಖರ್ಚೂ ಕಮ್ಮಿ. ಡ್ರ್ಯಾಗಿನ ವಿಷಯದಲ್ಲಿ ಹೊಸದರ ಹೆಚ್ಚುಗಾರಿಕೆ ಅಷ್ಟಕ್ಕೆ ತೀರಿತು.

ತೀರದ್ದು ಬ್ರೇಡಿನ ಸಮಸ್ಯೆ. ಹಳೆ ರೀಲಿನಲ್ಲಿ ಸ್ಪೂಲು ಮೇಲೆ ಕೆಳಗೆ ಹೋಗುವಾಗ ಎರಡು ತುದಿಗಳಲ್ಲೂ ನಿಧಾನವಾಗುತ್ತದೆ. ಹಾಗಾಗಿ ತುದಿಗಳಲ್ಲಿ ದಾರ ಹೆಚ್ಚು ಬಿದ್ದು, ನಡು ಇಳಿದು, ಸುತ್ತು ಡಮರುಗದ ಹಾಗೆ ಆಗುತ್ತದೆ. ನೈಲಾನ್ ದಪ್ಪ, ಬಿರುಸು, ಬಿದ್ದಲ್ಲೇ ನಿಲ್ಲುತ್ತದೆ. ಬ್ರೇಡ್ ಅದೇ ಬಲದ ನೈಲಾನಿನ ಅರ್ಧದಷ್ಟೇ ದಪ್ಪ, ಮೆದು, ಜಾರುವ ಜಾತಿ. ತುದಿಯಿಂದ ನಡುವಿಗೆ ಜಾರಿ ಒಂದರ ಮೇಲೊಂದು ಕೂರುತ್ತದೆ. ಮೀನು ಎಳೆದರೆ ಮೇಲಿನ ಸುತ್ತು ಕೆಳಗಿನದರ ನಡುವೆ ಹೂತುಹೋಗುತ್ತದೆ. ಮುಂದಿನ ಸಲ ಎಸೆಯುವಾಗ ಒಂದು ಗುಪ್ಪೆಯೇ ಒಟ್ಟಿಗೆ ಹಾರಿ ರಾಡಿನ ರಿಂಗಿನಲ್ಲಿ ಗಂಟು. ಪಡುವಣ ಗಾಳಿ ಎದುರಿಗಿದ್ದರೆ ಕೇಳುವುದೇ ಬೇಡ. ಹೊಸ ರೀಲುಗಳು ಸ್ಪೂಲನ್ನು ಒಂದೇ ವೇಗದಲ್ಲಿ ಮೇಲೆ ಕೆಳಗೆ ಓಡಿಸುತ್ತವೆ, ಸ್ಪೂಲಿನ ಅಂಚನ್ನೂ ಬ್ರೇಡ್ ಸಲೀಸಾಗಿ ಹೋಗುವಂತೆ ಮಾಡಿರುತ್ತಾರೆ. ಬೇಲ್ ಕಂಬಿಯ ತುದಿಯಲ್ಲಿ ದಾರ ಹಾಯುವ ಪುಟ್ಟ ರೋಲರು ಉಂಟಲ್ಲ, ಹಳೆಯವುಗಳಲ್ಲಿ ಎಷ್ಟೋ ತಿರುಗುವುದೇ ಇಲ್ಲ, ವರ್ಷಗಟ್ಟಲೆ ದಾರ ಉಜ್ಜಿ ಗೀರು ಬಿದ್ದಿರುತ್ತದೆ. ಆ ಗೀರಿನಲ್ಲಿ ಬ್ರೇಡಿನ ನೂಲು ಸುಲಿಯುತ್ತದೆ. ಹಳೆಯದಕ್ಕೆ ಬ್ರೇಡನ್ನೇ ಹಾಕಬೇಕು ಎಂಬ ಹಟವಿದ್ದರೆ ಕೆಳಗೆ ಸ್ವಲ್ಪ ನೈಲಾನ್ ಸುತ್ತಿ ಅದರ ಮೇಲೆ ಕಟ್ಟಿ. ಬರೇ ಲೋಹದ ಮೇಲೆ ಸುತ್ತಿದ ಬ್ರೇಡ್ ಇಡಿಯಾಗಿ ಸ್ಪೂಲಿನಲ್ಲೇ ಗರಗರ ತಿರುಗಿಬಿಡುತ್ತದೆ, ಡ್ರ್ಯಾಗ್ ಹಾಳಾಗಿದೆ ಎಂದು ಜನ ನನ್ನ ಹತ್ತಿರ ತರುತ್ತಾರೆ.

ವೇಗದ ಲೆಕ್ಕವೂ ಉಂಟು. 704ಝಡ್‌ನ ಅನುಪಾತ 3.8ಕ್ಕೆ 1, ಅಂದರೆ ಹಿಡಿ ಒಂದು ಸುತ್ತು ತಿರುಗಿದರೆ ದಾರ ಸ್ಪೂಲಿಗೆ 3.8 ಸುತ್ತು ಬೀಳುತ್ತದೆ. ತುಂಬಿದ ಸ್ಪೂಲಿನ ಸುತ್ತಳತೆ 19 ಸೆಂ.ಮೀ. ಎಂದಿಟ್ಟುಕೊಂಡರೆ ಹಿಡಿಯ ಒಂದು ಸುತ್ತಿಗೆ 72 ಸೆಂ.ಮೀ. ದಾರ ಬರುತ್ತದೆ. ಈಗಿನ 5.6ರ ರೀಲಿನಲ್ಲಿ ಅಷ್ಟೇ ದೊಡ್ಡ ಸ್ಪೂಲು 106 ಸೆಂ.ಮೀ. ತರುತ್ತದೆ. ಬಂಗುಡೆ ತುಂಡು ಹಾಕಿ ಕಾಯುವವನಿಗೆ ಇದರಿಂದ ಏನೂ ಆಗಬೇಕಿಲ್ಲ. ಆದರೆ ಲೋಹದ ಲೂರ್, ಅಂದರೆ ಹುಸಿ ಎರೆ, ಎಸೆದು ವಟ್ಟ ಮೀನನ್ನೋ ಶೀಲಾವನ್ನೋ ಕೆಣಕಬೇಕಾದರೆ ಹಳೆಯದರಲ್ಲಿ ಕೈ ಬಿದ್ದುಹೋಗುತ್ತದೆ. ಮುಕ್ಕಾಲು ಕಿಲೋ ಹತ್ತಿರದ ಆ ಭಾರವನ್ನು ಬೆಳಗ್ಗಿನಿಂದ ಎಸೆಯುತ್ತಾ ಇದ್ದರೆ ಸಂಜೆ ಊಟದ ತುತ್ತು ಎತ್ತುವುದೂ ಕಷ್ಟ.

ಇನ್ನು ಹೊಸದರ ಕಡೆ. ಮೊನ್ನೆಯ ಮಳೆಗಾಲದಲ್ಲಿ ಉಪ್ಪಳದ ಹುಡುಗನೊಬ್ಬ ಬಂದ. "ಅಣ್ಣಾ, ಹ್ಯಾಂಡಲ್ ಹಿಂದೆ ಹೋಗ್ತದೆ. ಗೇರ್ ಹೋಯ್ತಾ?"

"ಗೇರಿಗೆ ಏನೂ ಆಗ್ಲಿಲ್ಲ ಮಾರಾಯ, ಗ್ರೀಸು ಜಾಸ್ತಿ ಆಗಿದೆ."

ಹೊಸ ರೀಲಿನಲ್ಲಿ ಹಿಡಿ ಹಿಂದಕ್ಕೆ ಕೂದಲೆಳೆಯಷ್ಟೂ ಹೋಗದಂತೆ ತಡೆಯುವುದು ಒಂದೇ ದಿಕ್ಕಿಗೆ ತಿರುಗುವ ರೋಲರ್ ಬೇರಿಂಗ್. ಕಡ್ಡಿಯಂಥ ರೋಲರುಗಳು ಇಳಿಜಾರಿನಲ್ಲಿ ಕಚ್ಚಿಕೊಂಡು ನಿಲ್ಲಿಸುತ್ತವೆ. ಅಲ್ಲಿಗೆ ಗ್ರೀಸು ನುಗ್ಗಿದರೆ, ಉಪ್ಪು ಕೂತರೆ, ರೋಲರು ಕಚ್ಚುವುದಿಲ್ಲ. ಸರಿಯಾಗಿ ಗಾಳ ಕುಕ್ಕುವ ಹೊತ್ತಿಗೆ ಜಾರುತ್ತದೆ. ಬಿಚ್ಚಿ ತೊಳೆದು ತೆಳು ಎಣ್ಣೆ ಒಂದು ಹನಿ ಬಿಟ್ಟೆ, ಸರಿಹೋಯಿತು. ಹಳೆಯದರಲ್ಲಿ ಇದಕ್ಕೆ ಹಲ್ಲಿನ ಚಕ್ರ, ಒಂದು ನಾಲಿಗೆ, ಅಷ್ಟೇ. ಹಿಡಿ ಸ್ವಲ್ಪ ಹಿಂದೆ ಬಂದು ಟಕ್ ಎಂದು ನಿಲ್ಲುತ್ತದೆ. ನಯ ಇಲ್ಲ, ಆದರೆ ಎಷ್ಟು ಗ್ರೀಸು ಮೆತ್ತಿದರೂ ಬಿಡುವುದಿಲ್ಲ.

ನನ್ನ ಬೆಂಚಿಗೆ ಬರುವ ಹೊಸ ರೀಲುಗಳಲ್ಲಿ ಹೆಚ್ಚಿನವಕ್ಕೆ ಬೇಲ್ ಕಂಬಿಯ ರೋಲರಿನೊಳಗಿನ ಪುಟಾಣಿ ಬೇರಿಂಗು ಹೋಗಿರುತ್ತದೆ. ಉಪ್ಪುನೀರು ಮೊದಲು ತಾಗುವುದು ಅಲ್ಲಿಗೇ. ಡಬ್ಬದ ಮೇಲೆ ಹತ್ತು ಹನ್ನೆರಡು ಬೇರಿಂಗು ಎಂದು ಬರೆದದ್ದನ್ನು ನೋಡಿ ಕೊಳ್ಳುವವರಿಗೆ ಇದನ್ನು ಹೇಳುತ್ತೇನೆ: ಒಂದೊಂದೂ ತುಕ್ಕು ಹಿಡಿಯುವ ಜಾಗ. ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರೂ ಅಳೆದುಕೊಂಡು ಮಂಗಳೂರಿಗೆ ಹೋದರೆ ಬೇರಿಂಗ್ ಅಂಗಡಿಗಳಲ್ಲಿ ಅನೇಕ ಸಲ ಸಿಗುತ್ತದೆ, ಸ್ಟೇನ್‌ಲೆಸ್ಸೇ ಕೇಳಿ. ಅಗ್ಗದ ರೀಲಿನ ಮುರಿದ ಗೇರು ಮಾತ್ರ ಎಲ್ಲಿಯೂ ಸಿಗುವುದಿಲ್ಲ, ಎರಡು ವರ್ಷದಲ್ಲಿ ಆ ಮಾದರಿಯೇ ಮಾಯವಾಗಿರುತ್ತದೆ. ಮೆಗ್ನೀಷಿಯಂ ಮೈಯ ರೀಲು ಹಗುರ ಎಂದು ಮರುಳಾಗಬೇಡಿ. ಬಂಡೆಗೆ ತಾಗಿ ಬಣ್ಣ ಎದ್ದ ಜಾಗದಿಂದ ಉಪ್ಪು ಅದನ್ನು ತಿನ್ನುತ್ತದೆ. ಕಡಲ ಬದಿಗೆ ಅಲ್ಯೂಮಿನಿಯಂ ವಾಸಿ.

ಹಾಗೆಂದು ಹೊಸದೆಲ್ಲ ತಗಡು ಎನ್ನುವ ಗುಂಪಿನವನಲ್ಲ ನಾನು. ಶಿಮಾನೋದವರು 1921ರಲ್ಲಿ ಜಪಾನಿನ ಸಕಾಯಿಯಲ್ಲಿ ಸೈಕಲ್ಲಿನ ಫ್ರೀವೀಲ್ ಮಾಡುತ್ತಾ ಶುರುವಾದವರು, ರೀಲಿಗೆ ಬಂದದ್ದು 1970ರಲ್ಲಿ. ಅವರ ನಡುಬೆಲೆಯ 4000 ಅಳತೆಯದು ನನ್ನ ಹತ್ತಿರ ಉಂಟು, ತಿರುಗಿಸಿದರೆ ಕೈಗೆ ಗೊತ್ತೇ ಆಗುವುದಿಲ್ಲ. ಮಂಜೇಶ್ವರ ಬಂದರಿನ ಕಲ್ಲುದಂಡೆಯಲ್ಲಿ ಲೂರ್ ಎಸೆಯಲು ಅದು, ಬ್ರೇಡಿನ ಜತೆ. ಮಳೆಗಾಲದಲ್ಲಿ ಬಲೆ ಎಳೆಯುವ ಯಾಂತ್ರಿಕ ದೋಣಿಗಳಿಗೆ ಇರುವ ಟ್ರಾಲಿಂಗ್ ನಿಷೇಧದ 52 ದಿನಗಳಲ್ಲಿ, ಹೊಳೆ ಕೆಂಪಾಗಿ ಅಳಿವೆಯಲ್ಲಿ ಕಸ ಹರಿದು ಬರುವಾಗ, ಸಿಗಡಿ ಕೋದು ತಳದಲ್ಲಿ ತೇಡೆಗೋ ಚೆಂಬಲ್ಲಿಗೋ ಕಾಯಲು ಮಾವನ ರೀಲು, ದಪ್ಪ ನೈಲಾನಿನ ಜತೆ. ಮರಳಿನಲ್ಲಿ ಬಿದ್ದರೂ ಮಳೆಯಲ್ಲಿ ನೆನೆದರೂ ತಲೆಬಿಸಿ ಇಲ್ಲ.

ಎರಡಕ್ಕೂ ಆರೈಕೆ ಒಂದೇ. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರನ್ನು ಮೆಲ್ಲಗೆ ಸುರಿಯುವುದು. ಪೈಪಿನಲ್ಲಿ ಜೋರಾಗಿ ಹೊಡೆದರೆ ಉಪ್ಪು ಒಳಗೇ ಹೋಗುತ್ತದೆ. ಒರಸಿ, ನೆರಳಲ್ಲಿ ಒಣಗಿಸಿ, ಡ್ರ್ಯಾಗ್ ಪೂರಾ ಸಡಿಲ ಮಾಡಿ ಇಡುವುದು.

ಯಾರದಾದರೂ ಅಟ್ಟದ ರೀಲು ಮಾರಾಟಕ್ಕೆ ಬಂದರೆ ಹೊಳಪು ನೋಡಬೇಡಿ. ರೀಲನ್ನು ಕಿವಿಯ ಹತ್ತಿರ ಇಟ್ಟು ಹಿಡಿಯನ್ನು ನಿಧಾನಕ್ಕೆ ತಿರುಗಿಸಿ. ಬಿಗಿ ಇದ್ದರೆ ಹಳೆ ಗ್ರೀಸು, ತೊಂದರೆ ಇಲ್ಲ. ಒಂದೇ ಜಾಗದಲ್ಲಿ ಕರಕರ ಅಂದರೆ ಗೇರಿನ ಹಲ್ಲು, ಬಿಡಿ. ರೋಲರಿನ ಮೇಲೆ ಉಗುರು ಎಳೆದು ನೋಡಿ, ಗೀರಿಗೆ ಉಗುರು ಸಿಕ್ಕಿಕೊಂಡರೆ ಬೆಲೆ ಇಳಿಸಿ ಕೇಳಿ. ಪಕ್ಕದ ಮುಚ್ಚಳದ ಸ್ಕ್ರೂಗಳ ತಲೆ ತಿಂದುಹೋಗಿದ್ದರೆ ನಿಮಗಿಂತ ಮೊದಲು ಯಾರೋ ಕೈ ಹಾಕಿದ್ದಾರೆ. ಒಳಗೆ ಎಲ್ಲ ಉಂಟೋ ಎಂದು ಅಲ್ಲೇ ಬಿಚ್ಚಿಸಿ ನೋಡಿಕೊಳ್ಳಿ.