ಪೋರ್ಟ್ರೇಟ್ ಶೂಟ್‌ಗೆ ಜಾಗ ನೋಡುವುದು ಹೇಗೆ?

ಪೋರ್ಟ್ರೇಟ್ ಶೂಟ್ ಅಂದ ತಕ್ಷಣ ಎಲ್ಲರೂ ಹುಡುಕುವುದು ಚೆಂದದ ಜಾಗ. ಹಳೇ ಕೋಟೆ, ಕೆರೆ ದಂಡೆ, ಹೂವಿನ ತೋಟ, ಚಿತ್ರ ಬರೆದ ಗೋಡೆ. ತಮಾಷೆ ಅಂದ್ರೆ ಇಂಥ ಕಡೆ ತೆಗೆದ ಎಷ್ಟೋ ಫೋಟೋ ಹಾಳಾಗುವುದು ಆ ಚೆಂದದಿಂದಲೇ. ನೋಡುವವರ ಕಣ್ಣು ಮುಖ ಬಿಟ್ಟು ಹಿಂದಿನ ಕೋಟೆಗೆ ಹೋಗಿಬಿಡುತ್ತದೆ. ಆಮೇಲೆ ಅದು ಕೋಟೆಯ ಫೋಟೋ, ಮುಂದೆ ಯಾರೋ ನಿಂತಿದ್ದಾರೆ ಅಷ್ಟೇ.

ಮೊದಲು ಒಂದು ಲೆಕ್ಕ ನೋಡಿ. ಫುಲ್ ಫ್ರೇಮ್ ಕ್ಯಾಮೆರಾಗೆ (ಅಂದರೆ ಹಳೇ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವುದಕ್ಕೆ) 85 ಎಂಎಂ ಲೆನ್ಸ್ ಹಾಕಿ, ಫೋಟೋ ಅಗಲಕ್ಕಿಂತ ಎತ್ತರ ಜಾಸ್ತಿ ಬರುವ ಹಾಗೆ ಕ್ಯಾಮೆರಾವನ್ನು ನೆಟ್ಟಗೆ ಹಿಡಿದರೆ, 15 ಮೀಟರ್ ದೂರದಲ್ಲಿರುವ ಗೋಡೆಯಲ್ಲಿ ನಿಮ್ಮ ಫ್ರೇಮಿಗೆ ಬರುವುದು ಸುಮಾರು 4 ಮೀಟರ್ ಅಗಲದಷ್ಟು ಮಾತ್ರ. 35 ಎಂಎಂ ಆದರೆ ಸುಮಾರು 10 ಮೀಟರ್. ಅಂದರೆ ನೀವು ಹುಡುಕಬೇಕಿರುವುದು ಇಡೀ ತೋಟವನ್ನಲ್ಲ, ಒಬ್ಬರು ನಿಲ್ಲುವಷ್ಟು ಒಳ್ಳೆಯ ಬೆಳಕು ಮತ್ತು ಅದರ ಹಿಂದೆ 4 ಮೀಟರ್ ಅಗಲದ ಗಲಾಟೆಯಿಲ್ಲದ ಹಿನ್ನೆಲೆ. ಹೀಗೆ ನೋಡಲು ಶುರು ಮಾಡಿದರೆ ಆಫೀಸಿನ ಹಿಂಬದಿಯ ಮೆಟ್ಟಿಲು, ಗೋಡೌನಿನ ಬಾಗಿಲು, ಪಾರ್ಕಿಂಗ್ ಜಾಗದ ಮೂಲೆ ಎಲ್ಲವೂ ಲೊಕೇಶನ್ನೇ.

ಬೆಳಕು ಚೆನ್ನಾಗಿದೆಯಾ ಅಂತ ತಿಳಿಯಲು ಕ್ಯಾಮೆರಾ ಕೂಡ ಬೇಡ, ನಿಮ್ಮ ಕೈ ಸಾಕು. ಮುಷ್ಟಿ ಕಟ್ಟಿ, ತೋಳು ಚಾಚಿ, ಮುಖದ ಎತ್ತರಕ್ಕೆ ಹಿಡಿಯಿರಿ. ಗೆಣ್ಣುಗಳು ನಿಮ್ಮ ಕಡೆ ಇರಲಿ. ಹಾಗೇ ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ, ಕಣ್ಣು ಮಾತ್ರ ಕೈ ಮೇಲೇ ಇರಲಿ. ಗೆಣ್ಣಿನ ಮೇಲ್ಭಾಗ ಬೆಳ್ಳಗೆ ಹೊಳೆದು ಅದರ ಕೆಳಗಿನ ಗುಳಿ ಕಪ್ಪಾಗಿ ಕಂಡರೆ ಬೆಳಕು ನೆತ್ತಿಯಿಂದ ಬೀಳುತ್ತಿದೆ ಅಂತ. ಆ ಬೆಳಕಿನಲ್ಲಿ ಯಾರನ್ನು ನಿಲ್ಲಿಸಿದರೂ ಕಣ್ಣಿನ ಕೆಳಗೆ ಕಪ್ಪು, ಮೂಗಿನ ಕೆಳಗೊಂದು ಮೀಸೆ ಬಂದ ಹಾಗೆ ನೆರಳು. ಇನ್ನೂ ಸ್ವಲ್ಪ ತಿರುಗಿದಾಗ ಒಂದು ಕಡೆ ಗುಳಿಗಳೆಲ್ಲ ತುಂಬಿಕೊಂಡು, ನೆರಳು ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಅಂತ ಗೆರೆ ಎಳೆಯಲು ಆಗದಷ್ಟು ಮೆತ್ತಗೆ ಕಾಣುತ್ತದೆ. ಅಲ್ಲಿ ನಿಲ್ಲಿ. ಈಗ ನಿಮ್ಮ ಕೈ ಇರುವಲ್ಲಿ ಫೋಟೋಗೆ ನಿಲ್ಲುವವರ ಮುಖ, ನೀವಿರುವಲ್ಲೇ ಕ್ಯಾಮೆರಾ. ಕೈಯ ಹಿಂದೆ ಕಾಣುತ್ತಿರುವುದೇ ಹಿನ್ನೆಲೆ. ಅದೂ ಚೆನ್ನಾಗಿದ್ದರೆ ಜಾಗ ಸಿಕ್ಕಿತು, ಇಲ್ಲದಿದ್ದರೆ ನಾಲ್ಕು ಹೆಜ್ಜೆ ಸರಿದು ಮತ್ತೆ ಸುತ್ತಿ. ನೋಡಿದವರು ಇವನಿಗೇನಾಯ್ತು ಅಂದುಕೊಳ್ಳಬಹುದು, ಅಂದುಕೊಳ್ಳಲಿ ಬಿಡಿ.

ಇಂಥ ಮೆತ್ತನೆಯ ಬೆಳಕು ಹೆಚ್ಚಾಗಿ ಸಿಗುವುದು ನೆರಳಿನ ಅಂಚಿನಲ್ಲಿ. ವರಾಂಡ, ಪೋರ್ಟಿಕೊ, ಕಮಾನು, ಎತ್ತರದ ಕಟ್ಟಡದ ನೆರಳು. ಮೇಲೆ ಮರೆ ಇರಬೇಕು, ಮುಂದೆ ತೆರೆದ ಆಕಾಶ ಕಾಣಬೇಕು. ಅವರನ್ನು ನೆರಳಿನ ಒಳಗೆ, ಅಂಚಿಗೆ ಒಂದೆರಡು ಹೆಜ್ಜೆ ಹಿಂದೆ, ಹೊರಗೆ ಮುಖ ಮಾಡಿ ನಿಲ್ಲಿಸಿ. ಕಣ್ಣಲ್ಲಿ ಆಕಾಶದ ಹೊಳಪು ಕೂರುತ್ತದೆ, ಹಿಂದೆ ತಾನಾಗಿಯೇ ಕತ್ತಲಾಗುತ್ತದೆ. ತೀರಾ ಒಳಗೆ ಹೋದರೆ ಆ ಹೊಳಪು ಮಾಯ, ಕಣ್ಣು ಸತ್ತ ಹಾಗೆ ಕಾಣುತ್ತದೆ. ಮರದ ನೆರಳಿನ ಬಗ್ಗೆ ಮಾತ್ರ ಹುಷಾರು. ದೊಡ್ಡ ದಟ್ಟ ಮರ ಪರವಾಗಿಲ್ಲ. ಎಲೆಗಳ ಸಂದಿಯಿಂದ ಬಿಸಿಲು ಸೋರುವ ಮರದ ಕೆಳಗೆ ಹಣೆ ಮೇಲೊಂದು, ಗಲ್ಲದ ಮೇಲೊಂದು ಬಿಳಿ ಚುಕ್ಕೆ ಬೀಳುತ್ತದೆ. ನಮ್ಮ ಕಣ್ಣಿಗೆ ಅದು ಅಷ್ಟಾಗಿ ತೋರುವುದಿಲ್ಲ, ಕ್ಯಾಮೆರಾ ಮಾತ್ರ ಬಿಡುವುದಿಲ್ಲ. ಎಡಿಟಿಂಗ್‌ನಲ್ಲಿ ತೆಗೆಯೋಣ ಅಂದುಕೊಂಡರೆ ಒಂದೊಂದು ಫೋಟೋಗೂ ಒದ್ದಾಟ.

ಬಣ್ಣವನ್ನೂ ನೋಡಿ. ಬಿಸಿಲು ಬಿದ್ದ ಹುಲ್ಲಿನ ಪಕ್ಕ ನಿಂತವರ ಗದ್ದದ ಕೆಳಗೆ ಹಸಿರು ಛಾಯೆ ಬರುತ್ತದೆ, ಕೆಂಪು ಗೋಡೆಗೆ ಒರಗಿದವರ ಕೆನ್ನೆ ಆ ಕಡೆಯಿಂದ ಕೆಂಪಾಗುತ್ತದೆ. ತಿಳಿ ಬೂದು ನೆಲ, ಸಿಮೆಂಟು, ಮರಳು ಇವೆಲ್ಲ ಒಳ್ಳೆಯವು, ಬಣ್ಣ ಕೆಡಿಸದೆ ಕೆಳಗಿನಿಂದ ಮುಖಕ್ಕೆ ಒಂದಿಷ್ಟು ಬೆಳಕು ಎಸೆಯುತ್ತವೆ. ದುಡ್ಡಿಲ್ಲದೆ ಸಿಗುವ ರಿಫ್ಲೆಕ್ಟರ್.

ಇನ್ನು ಹೊತ್ತು. ಜಾಗ ನೋಡಲು ಮಧ್ಯಾಹ್ನ ಹೋಗಿ, ಶೂಟ್ ಸಂಜೆ ಇಟ್ಟುಕೊಂಡರೆ ನೋಡಿದ್ದೇ ದಂಡ, ಎರಡೂ ಬೇರೆ ಬೇರೆ ಜಾಗ ಇದ್ದ ಹಾಗೆ. ಶೂಟ್ ಮಾಡುವ ಹೊತ್ತಿಗೇ ಹೋಗಿ ನೋಡಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಹಾಗಾಗಿ ಈಗ ನೆರಳಿರುವ ಮೂಲೆಗೆ ಅರ್ಧ ಗಂಟೆಯಲ್ಲಿ ಬಿಸಿಲು ನುಗ್ಗಬಹುದು. ಸಂಜೆಯ ಹೊಂಬಿಸಿಲಿಗೆ ಅಂತ ಪ್ಲಾನ್ ಮಾಡುವವರು ಪಶ್ಚಿಮಕ್ಕೆ ಏನಿದೆ ಅಂತ ನೋಡಲೇಬೇಕು. ಮೊಬೈಲ್ ತೋರಿಸುವ ಸೂರ್ಯಾಸ್ತದ ಸಮಯ ಬಯಲಿಗೆ ಸರಿ. 20 ಮೀಟರ್ ದೂರದಲ್ಲಿ 6 ಮೀಟರ್ ಎತ್ತರದ ಒಂದು ಕಟ್ಟಡ ಅಡ್ಡ ಇದ್ದರೂ ಸಾಕು, ಮುಖದ ಮೇಲಿನ ಬಿಸಿಲು ಮುಕ್ಕಾಲು ಗಂಟೆ ಮೊದಲೇ ಹೋಗಿರುತ್ತದೆ. ಭೂಮಧ್ಯ ರೇಖೆಗೆ ಹತ್ತಿರ ಇದ್ದಷ್ಟೂ ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಅಲ್ಲಿ ಆ ಹೊಂಬಣ್ಣ ಬಹಳ ಹೊತ್ತು ಕಾಯುವುದಿಲ್ಲ. ಇನ್ನೊಂದು ವಿಷಯ, ಕಳೆದ ಡಿಸೆಂಬರ್‌ನಲ್ಲಿ ಚೆನ್ನಾಗಿ ಬಂದ ಜಾಗ ಜೂನ್‌ನಲ್ಲಿ ಹಾಗೇ ಇರುತ್ತದೆ ಅಂತ ನಂಬಬೇಡಿ, ಸೂರ್ಯನ ದಾರಿಯೇ ಬದಲಾಗಿರುತ್ತದೆ. ಯಾವ ದಿನ ಎಷ್ಟು ಹೊತ್ತಿಗೆ ಬಿಸಿಲು ಯಾವ ಕಡೆಯಿಂದ ಅಂತ ತೋರಿಸುವ ಆ್ಯಪ್‌ಗಳಿವೆ, ಒಂದನ್ನು ಇಟ್ಟುಕೊಳ್ಳಿ.

ಹಿನ್ನೆಲೆ ವಿಷಯಕ್ಕೆ ಬಂದರೆ, ಕಣ್ಣನ್ನು ಅರ್ಧ ಮುಚ್ಚಿ ನೋಡಿ. ವಿವರವೆಲ್ಲ ಮಸುಕಾಗಿ ಬರೀ ಬೆಳಕು ಕತ್ತಲ ತುಂಡುಗಳು ಉಳಿಯುತ್ತವೆ. ಮುಖಕ್ಕಿಂತ ಜಾಸ್ತಿ ಹೊಳೆಯುವ ತುಂಡು ಯಾವುದಾದರೂ ಇದೆಯಾ? ಎಲೆಗಳ ನಡುವೆ ಇಣುಕುವ ಆಕಾಶ, ಬಿಳಿ ಕಾರು, ಅಂಗಡಿ ಬೋರ್ಡು? ಇದ್ದರೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ಅದನ್ನು ಫ್ರೇಮಿನಿಂದ ಆಚೆ ಹಾಕಿ. ಆಗದಿದ್ದರೆ ಅವರದೇ ದೇಹದ ಹಿಂದೆ ಅಡಗಿಸಿ. ಲೈಟು ಕಂಬ ನೆತ್ತಿಯಿಂದ ಹುಟ್ಟಿದ ಹಾಗೆ ಬರುವುದು, ಬೇಲಿಯ ಅಡ್ಡ ಗೆರೆ ಸರಿಯಾಗಿ ಕುತ್ತಿಗೆ ಕೊಯ್ಯುವುದು, ಇವು ಎಲ್ಲರಿಗೂ ಗೊತ್ತಿದ್ದೂ ತಪ್ಪಿಹೋಗುವ ವಿಷಯಗಳು.

ಜನರನ್ನು ಗೋಡೆಗೆ ಅಂಟಿಸಿ ನಿಲ್ಲಿಸುವ ಅಭ್ಯಾಸ ನನಗಂತೂ ಇಷ್ಟವಿಲ್ಲ. ಗೋಡೆಗೆ ಒರಗಿರುವ ಪೋಸ್ ಬೇಕೆಂದರೆ ಸರಿ, ಉಳಿದಂತೆ ಅವರಿಗೂ ಹಿನ್ನೆಲೆಗೂ ನಡುವೆ ಎಷ್ಟು ಜಾಗ ಇದ್ದರೆ ಅಷ್ಟು ಒಳ್ಳೆಯದು. ಹಿಂದಿನದು ಮಸುಕಾಗಬೇಕು ಅಂತ ಎಫ್ 1.8 ಲೆನ್ಸ್ (ಬೆಳಕಿನ ಕಿಂಡಿ ತುಂಬಾ ದೊಡ್ಡದಾಗಿ ತೆರೆಯುವಂಥದ್ದು) ಕೊಂಡವರು ಗೋಡೆಯಿಂದ ಅರ್ಧ ಮೀಟರ್ ದೂರದಲ್ಲಿ ನಿಲ್ಲಿಸಿ ಬ್ಲರ್ ಬರುತ್ತಿಲ್ಲ ಅಂತ ಗೊಣಗುತ್ತಾರೆ. ಐದಾರು ಮೀಟರ್ ಮುಂದೆ ಕರೆಯಿರಿ, ಅದೇ ಲೆನ್ಸಿನಲ್ಲಿ ಅದೇ ಗೋಡೆ ಹೇಗೆ ಕರಗುತ್ತದೆ ನೋಡಿ.

ನಿಮಗೆ ಹಿಂದೆ ಸರಿಯಲು ಜಾಗ ಇದೆಯಾ ಅನ್ನುವುದೂ ಮುಖ್ಯ. 85 ಎಂಎಂನಲ್ಲಿ ತಲೆಯಿಂದ ಕಾಲಿನ ತನಕ ಬೇಕಾದರೆ ನೀವು ಸುಮಾರು 5 ಮೀಟರ್ ದೂರ ಇರಬೇಕು, 50 ಎಂಎಂಗೆ 3 ಮೀಟರ್ ಸಾಕು. ಇಕ್ಕಟ್ಟಿನ ಓಣಿ, ಸಣ್ಣ ರೂಮು ಆದರೆ ಬೇರೆ ದಾರಿ ಇಲ್ಲದೆ ಹೆಚ್ಚು ಅಗಲ ತೋರಿಸುವ ವೈಡ್ ಲೆನ್ಸ್ ಹಾಕಿ ಹತ್ತಿರ ಹೋಗುತ್ತೇವೆ, ಆಗ ಮೂಗು ದಪ್ಪ, ಕಿವಿ ಸಣ್ಣ. ಮೊಬೈಲಿನಲ್ಲೂ ಇದೇ ಕಥೆ. ಹತ್ತಿರ ಹೋಗುವ ಬದಲು ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಬಳಸಿ.

ಒಳಾಂಗಣ ಆದರೆ ನೇರ ಬಿಸಿಲು ಬೀಳದ ದೊಡ್ಡ ಕಿಟಕಿ ಹುಡುಕಿ, ಉಳಿದದ್ದು ಆಮೇಲೆ. ಕಿಟಕಿಯಿಂದ ದೂರ ಹೋದಂತೆ ಬೆಳಕು ಬೇಗ ಇಳಿಯುತ್ತದೆ, ಹಾಗಾಗಿ ಹತ್ತಿರ ನಿಲ್ಲಿಸಿ, ಕತ್ತಲಾದ ಕೆನ್ನೆಯ ಕಡೆಗೆ ಒಂದು ಥರ್ಮಾಕೋಲ್ ಶೀಟ್ ಹಿಡಿಸಿ. ರೂಮಿನ ಲೈಟುಗಳನ್ನು ಮರೆಯದೆ ಆಫ್ ಮಾಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಹೆಚ್ಚಿದಷ್ಟೂ ನೀಲಿ. ಕಿಟಕಿಯ ಬೆಳಕು 5500 ಕೆಲ್ವಿನ್ ಅಥವಾ ಅದಕ್ಕೂ ಮೇಲೆ, ಹಳದಿ ಬಲ್ಬು 2700ರಿಂದ 3000ದ ಆಸುಪಾಸು. ಎರಡೂ ಸೇರಿದರೆ ಅರ್ಧ ಮುಖ ನೀಲಿ, ಅರ್ಧ ಮುಖ ಹಳದಿ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಯಾವುದಕ್ಕೆ ಅಂತ ಸರಿ ಮಾಡುತ್ತೀರಿ? ಲೈಟು ಬೇಕೇ ಬೇಕು ಅನ್ನುವ ಜಾಗವಾದರೆ, ನೋಡಲು ಹೋದ ದಿನವೇ ಬೇರೆ ಬೇರೆ ಶಟರ್ ಸ್ಪೀಡಿನಲ್ಲಿ (ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಬಿಡುತ್ತದೆ ಅನ್ನುವ ಲೆಕ್ಕ) ಕೆಲವು ಫ್ರೇಮ್ ಹೊಡೆದು ನೋಡಿ. ಕೆಲವು ಎಲ್‌ಇಡಿಗಳು ಮಿನುಗುತ್ತವೆ, ಸ್ಪೀಡ್ ಜಾಸ್ತಿ ಇಟ್ಟಾಗ ಫೋಟೋದಲ್ಲಿ ಅಡ್ಡಪಟ್ಟೆ ಬರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕೆಲವು ಜಾಗ ಕೈಕೊಡುತ್ತವೆ, ಯಾಕೆಂದರೆ ನಿಲ್ಲುವವರಿಗೆ ಅಲ್ಲಿ ಮುಜುಗರ. ಸುತ್ತ ಜನ ನಿಂತು ನೋಡುತ್ತಿದ್ದರೆ ಕ್ಯಾಮೆರಾ ಅಭ್ಯಾಸ ಇಲ್ಲದವರ ಭುಜ ಬಿಗಿಯುತ್ತದೆ, ನಗು ಕಟ್ಟಿಕೊಳ್ಳುತ್ತದೆ. ಅಂಥವರಿಗೆ ಸಾಧಾರಣ ಜಾಗವಾದರೂ ಪರವಾಗಿಲ್ಲ, ಯಾರೂ ಬಾರದ ಜಾಗ ನೋಡಿ. ಅವರ ಮನೆ, ಅವರು ದಿನಾ ಕೆಲಸ ಮಾಡುವ ಟೇಬಲ್ಲು ಇವನ್ನೂ ಕೇಳಿ ನೋಡಿ, ಕೈ ಎಲ್ಲಿಡಬೇಕು ಅಂತ ಅಲ್ಲಿ ಹೇಳಿಕೊಡುವ ಅಗತ್ಯವೇ ಬರುವುದಿಲ್ಲ. ಬಟ್ಟೆ ಬದಲಿಸಲು ಮರೆ, ಹತ್ತಿರದಲ್ಲಿ ಟಾಯ್ಲೆಟ್, ಗಾಡಿ ನಿಲ್ಲಿಸಿದ ಜಾಗದಿಂದ ಎಷ್ಟು ನಡೆಯಬೇಕು, ಗಾಳಿ ಜೋರಾ, ಇದನ್ನೆಲ್ಲ ಮೊದಲೇ ನೋಡಿಕೊಳ್ಳಿ. ಹೈ ಹೀಲ್ಸ್ ಹಾಕಿದವರನ್ನು ಕಲ್ಲುದಾರಿಯಲ್ಲಿ ನಡೆಸಿಕೊಂಡು ಹೋದರೆ ಆ ಸಿಟ್ಟು ಫೋಟೋದಲ್ಲಿ ಕಾಣುತ್ತದೆ.

ಅನುಮತಿ ಮರೆಯಬೇಡಿ. ಪಾರ್ಕು, ಸ್ಮಾರಕ, ಮಾಲ್, ಖಾಸಗಿ ಕಟ್ಟಡ ಯಾವುದೇ ಇರಲಿ, ಎಷ್ಟೋ ಕಡೆ ಮೊಬೈಲ್ ಫೋಟೋಗೆ ಏನೂ ಅನ್ನುವುದಿಲ್ಲ, ಟ್ರೈಪಾಡೋ ಲೈಟ್ ಸ್ಟ್ಯಾಂಡೋ ತೆಗೆದರೆ ಸೆಕ್ಯೂರಿಟಿಯವರು ಬರುತ್ತಾರೆ. ಬಾಯಿಮಾತಿನ ಒಪ್ಪಿಗೆ ಕೊಟ್ಟವರು ಶೂಟ್ ದಿನ ರಜೆಯಲ್ಲಿರಬಹುದು, ಒಂದು ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ.

ಜಾಗ ಗೊತ್ತಾದ ಮೇಲೆ ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಅಂತ ಮೊಬೈಲಲ್ಲಿ ಒಂದು ಫೋಟೋ ಹೊಡೆದು, ಪಿನ್ ಹಾಕಿಟ್ಟುಕೊಳ್ಳಿ. ಹಾಗೇ ಅಲ್ಲಿಂದ ಐದು ನಿಮಿಷದ ದಾರಿಯಲ್ಲಿ ಮಾಡಿನ ಕೆಳಗೆ ಇನ್ನೊಂದು ಜಾಗ ನೋಡಿಡಿ. ಮಳೆ ಬಂದರೆ, ಅಥವಾ ನೀವು ಹೋಗುವ ಹೊತ್ತಿಗೆ ಅಲ್ಲಿ ಬೇರೆ ಯಾರದ್ದೋ ಶೂಟ್ ನಡೆಯುತ್ತಿದ್ದರೆ ಅದು ಬೇಕಾಗುತ್ತದೆ.