ಬರೆ ಕುಸಿತ ಕಂಡವರ ಪಕ್ಕ ನಾಯಿ ಕೂರಿಸುವ ಕ್ರಮ

ಕೊಡಗಿನಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದದ್ದನ್ನು ಕಂಡು ಭಯ ಉಳಿದವರಿಗೆ ಸಮಾಧಾನವಾಗಲೆಂದು ಪಕ್ಕದಲ್ಲಿ ನಾಯಿ ಕೂರಿಸುತ್ತೇವೆ. ಈ ಕೆಲಸಕ್ಕೆ ನಾಯಿ ಆರಿಸುವಾಗ ನಾವು ತಳಿ ನೋಡುವುದಿಲ್ಲ, ತಗಡಿನ ಮೇಲೆ ಮಳೆ ಸುರಿಯುವಾಗ ಅದು ಏನು ಮಾಡುತ್ತದೆ ಎಂದು ನೋಡುತ್ತೇವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬರೆ ಕುಸಿದದ್ದನ್ನು ಕಣ್ಣಾರೆ ಕಂಡವರಿಗೆ ಆ ಸದ್ದೊಂದೇ ಸಾಕು, ಎದೆ ಹೊಡೆದುಕೊಳ್ಳಲು. ಗುಡುಗಿಗೆ ಮಂಚದಡಿ ನುಸುಳುವ ನಾಯಿ ಎಷ್ಟೇ ಸಾಧುವಾಗಿದ್ದರೂ ಬೇಡ. ಅದರ ನಡುಕ ಪಕ್ಕದಲ್ಲಿ ಕೂತವರಿಗೂ ಹತ್ತುತ್ತದೆ. ಎರಡು ವರ್ಷ ತುಂಬಿದ ನಾಯಿಯ ಮುಂದೆ ಸ್ಟೀಲ್ ತಟ್ಟೆ ಬೀಳಿಸಿ, ಕೊಡೆ ಬಿಚ್ಚಿ ಪರೀಕ್ಷಿಸುತ್ತೇವೆ. ಬೆಚ್ಚಿದರೆ ತಪ್ಪಿಲ್ಲ, ಅರ್ಧ ನಿಮಿಷದೊಳಗೆ ತಾನಾಗಿ ಸಮಾಧಾನಕ್ಕೆ ಬರಬೇಕು.

ರೇಬೀಸ್ ಲಸಿಕೆಯ ಜೊತೆ ಇಲಿ ಜ್ವರದ ಲಸಿಕೆಯೂ ವರ್ಷಕ್ಕೊಮ್ಮೆ ಬೇಕೇ ಬೇಕು. ಆ ರೋಗ ನಾಯಿಯ ಮೂತ್ರದಿಂದಲೂ ಮನುಷ್ಯರಿಗೆ ಬರಬಹುದು. ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ. ಮಳೆಗಾಲದಲ್ಲಿ ಒಳಗೆ ಕರೆತರುವ ಮೊದಲು ಬೆರಳ ಸಂದು, ಕಿವಿ, ಮೂಗಿನ ಹೊಳ್ಳೆಯಲ್ಲಿ ಜಿಗಣೆ, ಉಣ್ಣೆ ಹುಡುಕಿ ತೆಗೆಯಬೇಕು.

ಎದುರಿಗಿರುವವರನ್ನು ಮೊದಲು ಕೇಳಬೇಕಾದ್ದು ಮೂರು: ಅಲರ್ಜಿ ಇದೆಯೇ, ನಾಯಿ ಕಚ್ಚಿದ್ದುಂಟೇ, ದುರಂತದಲ್ಲಿ ಸಾಕಿದ ಪ್ರಾಣಿ ಹೋಯಿತೇ. ಮೂರನೆಯದನ್ನು ಕೇಳದೆ ಶುರು ಮಾಡಲೇಬಾರದು. ಕಟ್ಟಿದ್ದ ನಾಯಿಯನ್ನು ಬಿಚ್ಚಲಾಗದೆ ಓಡಿ ಬಂದವರಿಗೆ ಸರಪಳಿಯ ಸದ್ದೇ ಇರಿತ. ಆದ್ದರಿಂದ ನಮ್ಮಲ್ಲಿ ಸರಪಳಿ ಇಲ್ಲ, ಬಟ್ಟೆಯ ಹಗ್ಗ ಮಾತ್ರ, ಅದೂ ಸಡಿಲವಾಗಿ.

ಮೊದಲ ದಿನ ನಾಯಿ ಹತ್ತು ಅಡಿ ದೂರದ ಚಾಪೆಯಲ್ಲಿ, ಮುಖ ಪಕ್ಕಕ್ಕೆ ತಿರುಗಿಸಿ ಮಲಗಿರುತ್ತದೆ. ಹತ್ತಿರ ಕರೆಯುವುದೂ, ಅಂಗೈ ತೋರಿಸಿ ದೂರ ಕಳಿಸುವುದೂ ಕೂತವರ ಕೈಯಲ್ಲೇ ಇರಬೇಕು. ಗುಡ್ಡ ಜಾರಿದಾಗ ಯಾವುದೂ ಅವರ ಕೈಯಲ್ಲಿರಲಿಲ್ಲ. ಈ ಸಣ್ಣ ಹಿಡಿತ ಮರಳಿ ಬರುವುದೇ ಇಲ್ಲಿನ ಮುಖ್ಯ ಕೆಲಸ ಎಂದು ನಾವು ನಂಬುತ್ತೇವೆ, ಮುದ್ದಾಟ ಆಮೇಲಿನದು. ಮುಟ್ಟುವ ಮನಸ್ಸಾದಾಗ ತಲೆ ಬೇಡ, ಎದೆ, ಭುಜ ಸವರಲಿ. ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡುವಾಗ ನಾಯಿಯ ಕೂದಲು ಬಾಚುವ ಬ್ರಷ್ ಮೆಲ್ಲಗೆ ಕೆಳಗಿಳಿಯಲಿ. ಭಯ ಸೊನ್ನೆಯಿಂದ ಹತ್ತರಲ್ಲಿ ಎಷ್ಟೆಂದು ಮೊದಲೂ ಕೊನೆಗೂ ಬೆರಳಲ್ಲಿ ತೋರಿಸಲಿ. ಮಕ್ಕಳಿಗೆ ಎಣಿಸಲು ಕಾಫಿ ಬೀಜ ಕೊಡಬೇಡಿ, ಕೆಫೀನ್ ನಾಯಿಗೆ ವಿಷ.

ಭಯ ಕಳೆಯಲೆಂದು ಮಳೆ ಸದ್ದಿನ ರೆಕಾರ್ಡಿಂಗ್ ಕೇಳಿಸುವ ಹಂತವನ್ನು ತರಬೇತಿ ಪಡೆದ ಮನೋತಜ್ಞರು ಪಕ್ಕದಲ್ಲಿಲ್ಲದೆ ಮುಟ್ಟಲೇಬೇಡಿ. ನಾಯಿ ಅವರ ಕೆಲಸಕ್ಕೆ ಆಸರೆಯಷ್ಟೇ. ರಾತ್ರಿ ನಿದ್ದೆಯೇ ಇಲ್ಲದವರು, ಸಾಯುವ ಮಾತಾಡುವವರು ಇದ್ದರೆ ನಾಯಿಗೆ ಕಾಯದೆ ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಬಹುದು.

ಕೆಡುವುದು ಹೆಚ್ಚಾಗಿ ನಮ್ಮವರಿಂದಲೇ. ನಾಯಿ ಹಿಡಿದವರು ಮಾತಾಡುತ್ತಲೇ ಇರುತ್ತಾರೆ. ಜೇಬಿನಲ್ಲಿ ಬಿಸ್ಕತ್ತಿದ್ದರೆ ನಾಯಿಯ ಕಣ್ಣು ಜೇಬಿನ ಮೇಲೆಯೇ. ಫೋಟೋ ತೆಗೆಯಲು ಬಂದವರನ್ನಂತೂ ಒಳಗೆ ಬಿಡುವುದಿಲ್ಲ. ನಾಯಿಗೂ ಮಿತಿಯಿದೆ: ಒಂದು ಸಲಕ್ಕೆ ಅರ್ಧ ಗಂಟೆ, ದಿನಕ್ಕೆ ಎರಡೇ ಸಲ. ಸುಮ್ಮಸುಮ್ಮನೆ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಕಣ್ಣಂಚಿನ ಬಿಳಿ ಕಂಡರೆ ತಕ್ಷಣ ಹೊರಗೆ ಕರೆದೊಯ್ಯಬೇಕು.

ಮುಗಿಸುವ ದಿನವನ್ನು ಮೂರು ಭೇಟಿ ಮೊದಲೇ ಹೇಳುತ್ತೇವೆ. ಹೇಳದೆ ನಾಯಿ ಬರುವುದು ನಿಂತರೆ ಅದು ಅವರಿಗೆ ಇನ್ನೊಂದು ಕಳೆದುಕೊಂಡ ಲೆಕ್ಕ. ಕೊನೆಯ ದಿನ ಅವರೇ ನೀರು ಕುಡಿಸಿ, ಹಗ್ಗ ಹಿಡಿದು ಗೇಟಿನವರೆಗೆ ಬಿಟ್ಟು ಬರುತ್ತಾರೆ.